ಸಾಲದ ಕಾಗದ ಬೇರೆ, ಕ್ರಯದ ಕಾಗದ ಬೇರೆ

(ಲೊಕ್ಕನಹಳ್ಳಿಯಲ್ಲಿ ರೈತರ ಮುಂದೆ ಆಡಿದ ಮಾತಿನ ಬರಹರೂಪ. ಕೊನೆಗೆ ಕೇಳಿಬಂದ ಪ್ರಶ್ನೆಗಳನ್ನೂ ಅವಕ್ಕೆ ಕೊಟ್ಟ ಉತ್ತರಗಳನ್ನೂ ಸೇರಿಸಿಕೊಂಡಿದೆ.)



ನಾನು ಇವತ್ತು ಬೆಲೆಯ ವಿಷಯ ಮಾತಾಡಲು ಬಂದಿಲ್ಲ. ಬೆಲೆ ಸಿಗದೇ ಹೋದಾಗ ನಾವು ಏನು ಮಾಡುತ್ತೇವೆ, ಅದನ್ನು ಮಾತಾಡಲು ಬಂದಿದ್ದೇನೆ. ಅರಿಶಿನದ ಬೆಲೆ ಬಿತ್ತು. ಮುಸುಕಿನ ಜೋಳ ಹಾಕಿದ ಗೊಬ್ಬರದ ದುಡ್ಡನ್ನೂ ಹುಟ್ಟಿಸಲಿಲ್ಲ. ಬೋರು ಬತ್ತಿತು. ಮಗಳ ಮದುವೆ ಹತ್ತಿರ ಬಂತು. ಆಗ ಏನಾಗುತ್ತದೆ? ಎಲ್ಲರೂ ಮಲಗಿದ ಮೇಲೆ ಮನೆಯ ಯಜಮಾನ ಎದ್ದು ಟ್ರಂಕು ತೆಗೆಯುತ್ತಾನೆ. ಅದರ ತಳದಲ್ಲಿ ಕವರಿನೊಳಗೆ ಮಡಿಸಿಟ್ಟ ಮನೆಪತ್ರ ಹೊರಗೆ ಬರುತ್ತದೆ. ಬೆಳಗ್ಗೆ ಆ ಪತ್ರ ಯಾರ ಕೈಗೋ ಹೋಗುತ್ತದೆ. ಬದಲಿಗೆ ಇನ್ನೊಂದು ಕಾಗದಕ್ಕೆ ನಾವು ಹೆಬ್ಬೆಟ್ಟು ಒತ್ತಿ ಬರುತ್ತೇವೆ. ಆ ಇನ್ನೊಂದು ಕಾಗದದಲ್ಲಿ ಏನು ಬರೆದಿದೆ? ಇದೇ ನನ್ನ ಇವತ್ತಿನ ಮಾತು.

ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. 1986ರಲ್ಲಿ ನಮ್ಮಪ್ಪ ಒಬ್ಬ ಸಾಹುಕಾರರ ಹತ್ತಿರ ಆರು ಸಾವಿರ ರೂಪಾಯಿ ಸಾಲ ತೆಗೆದರು. ಮನೆಯ ಮೇಲೆ ಕಾಗದ ಆಗಬೇಕು ಅಂದರು, ಆಯಿತು. ಪತ್ರ ಬರೆಯುವವರು ಗಡಗಡ ಓದಿ ಹೇಳಿದರು. ಓದಿನಲ್ಲಿ 'ಶುದ್ಧ ಕ್ರಯ' ಅನ್ನೋ ಮಾತು ಬಂತು. ನಮ್ಮಪ್ಪನಿಗೆ ಓದು ಬಾರದು, ಕಿವಿ ಚುರುಕು. "ಇದೇನು ಸ್ವಾಮಿ, ಕ್ರಯ ಅಂತೀರಲ್ಲ, ನಾನು ಮಾರ್ತಾ ಇಲ್ಲವಲ್ಲ?" ಅಂದರಂತೆ. "ಅದು ಬರೆಯೋ ಪದ್ಧತಿ ಕಣಪ್ಪ, ದುಡ್ಡು ಕೊಟ್ಟ ದಿನ ನಿನ್ನ ಪತ್ರ ನಿನಗೆ" ಅಂದರು. ನಮ್ಮಪ್ಪ ಹೆಬ್ಬೆಟ್ಟು ಒತ್ತಿದರು.

ನಾಲ್ಕು ವರ್ಷದಲ್ಲಿ ಅಸಲು ಬಡ್ಡಿ ಎರಡೂ ತೀರಿತು. ಸಾಹುಕಾರರು ಪ್ರೋನೋಟನ್ನು ನಮ್ಮ ಕಣ್ಣೆದುರೇ ಹರಿದರು. ಹಳೆಯ ಮನೆಪತ್ರವನ್ನೂ ಕೊಟ್ಟರು. ಅಲ್ಲಿಗೆ ಋಣ ಹರಿಯಿತು ಅಂತ ನಾವು ಸುಮ್ಮನಾದೆವು. ಆದರೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಲ್ಲಿ ಬರೆದದ್ದನ್ನು ಯಾರು ಹರಿದರು? ಯಾರೂ ಇಲ್ಲ. 1994ರಲ್ಲಿ ಸಾಹುಕಾರರು ತೀರಿಕೊಂಡರು. ಅವರ ಮಗ ತಂದೆಯ ಪೆಟ್ಟಿಗೆಯಲ್ಲಿ ಕ್ರಯಪತ್ರ ಕಂಡು ನಮ್ಮ ಬಾಗಿಲಿಗೆ ಬಂದ. ಅವನಿಗೆ ನಮ್ಮ ಸಾಲದ ಕಥೆ ಗೊತ್ತಿಲ್ಲ. ಅವನ ಕೈಲಿರುವ ಕಾಗದದ ಪ್ರಕಾರ ನಾವು ಎಂಟು ವರ್ಷದಿಂದ ಅವನ ಮನೆಯಲ್ಲಿ ಬಾಡಿಗೆ ಕೊಡದೆ ಇದ್ದವರು. ಕೋರ್ಟಿಗೆ ಹೋಗುವ ಶಕ್ತಿ ನಮಗಿರಲಿಲ್ಲ. ಪಂಚಾಯಿತಿ ಕಟ್ಟೆಯ ಮೇಲೆ ನಲವತ್ತು ಸಾವಿರಕ್ಕೆ ಮಾತಾಯಿತು. ಎರಡು ಎಮ್ಮೆ, ಅಮ್ಮನ ಓಲೆ, ಅರ್ಧ ಎಕರೆ ಹೋಯಿತು. ನಮ್ಮ ಮನೆಯನ್ನು ನಾವೇ ಕೊಂಡುಕೊಂಡೆವು. ನಮ್ಮ ತಾತ ಕಟ್ಟಿದ ಮನೆ ಅದು.

ಆ ಸಾಹುಕಾರರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಅವರು ಬದುಕಿದ್ದಿದ್ದರೆ ಬಹುಶಃ ವಾಪಸ್ಸು ಬರೆದುಕೊಡುತ್ತಿದ್ದರು. ಆದರೆ ಮನುಷ್ಯ ಸಾಯುತ್ತಾನೆ, ಕಾಗದ ಸಾಯುವುದಿಲ್ಲ. ನಂಬಿಕೆ ಇಬ್ಬರ ನಡುವಿನದು. ಕಾಗದ ಅವರ ಮಕ್ಕಳ ನಡುವಿನದು.

ಈಗ ಒಂದು ಮುಖ್ಯವಾದ ಮಾತು, ಗಮನವಿಟ್ಟು ಕೇಳಿ. ಸಾಲಗಾರನನ್ನು ಕಾಯುವುದಕ್ಕೆ ಈ ರಾಜ್ಯದಲ್ಲಿ ಕಾಯಿದೆಗಳಿಗೆ ಬರವಿಲ್ಲ. 1961ರ ಲೇವಾದೇವಿದಾರರ ಕಾಯಿದೆ ಇದೆ. 1976ರಲ್ಲಿ ಋಣ ಪರಿಹಾರ ಕಾಯಿದೆ ಬಂತು. ವಿಪರೀತ ಬಡ್ಡಿ ತಡೆಯಲು 2004ರಲ್ಲಿ ಒಂದು ಕಾಯಿದೆ ಬಂತು. 2018ರಲ್ಲಿ ಇನ್ನೊಂದು ಋಣ ಪರಿಹಾರ ಕಾಯಿದೆ. ಕಿರುಸಾಲದವರ ಕಿರುಕುಳ ತಡೆಯಲು 2025ರಲ್ಲಿ ಮತ್ತೊಂದು. ಇವೆಲ್ಲವೂ ಕೇಳುವ ಮೊದಲ ಪ್ರಶ್ನೆ ಒಂದೇ: ನೀನು ಸಾಲಗಾರನೇ? ಕ್ರಯಪತ್ರ ಬರೆದುಕೊಟ್ಟವನು ಕಾಗದದ ಪ್ರಕಾರ ಸಾಲಗಾರನೇ ಅಲ್ಲ, ಮಾರಾಟಗಾರ. ಇಷ್ಟೂ ಕಾಯಿದೆಗಳು ಅವನ ಬಾಗಿಲ ಮುಂದೆ ಹಾದುಹೋಗುತ್ತವೆ, ಒಳಗೆ ಬರುವುದಿಲ್ಲ. ಅದಕ್ಕೇ ಸಾಲ ಕೊಡುವವರಲ್ಲಿ ಕೆಲವರಿಗೆ ಕ್ರಯಪತ್ರದ ಮೇಲೆ ಅಷ್ಟು ಪ್ರೀತಿ.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಯಾವುದು ಸಾಲದ ಪತ್ರ, ಯಾವುದು ಕ್ರಯಪತ್ರ? ಗುರುತಿಸುವುದು ಹೇಗೆ?

1882ರ ಆಸ್ತಿ ವರ್ಗಾವಣೆ ಕಾಯಿದೆ ಇದನ್ನು ಬಿಡಿಸಿ ಹೇಳಿದೆ. ಕ್ರಯ ಅಂದರೆ ಬೆಲೆ ತೆಗೆದುಕೊಂಡು ಹಕ್ಕನ್ನೇ ಬಿಟ್ಟುಕೊಡುವುದು. ಅಡಮಾನ ಅಂದರೆ ಹಕ್ಕು ನಿಮ್ಮದೇ, ಸಾಲಕ್ಕೆ ಆಸ್ತಿ ಆಧಾರ ಮಾತ್ರ. ಅಡಮಾನದಲ್ಲಿ ಆರು ಬಗೆ ಇವೆ. ನಮ್ಮ ಕಡೆ ಕಾಣುವುದು ಇವು: ಸ್ವಾಧೀನ ಕೊಡದೆ ಬರೆಯುವ ಸಾದಾ ಅಡಮಾನ, ಸ್ವಾಧೀನ ಕೊಟ್ಟು ಬೆಳೆಯನ್ನೋ ಬಾಡಿಗೆಯನ್ನೋ ಸಾಲಗೊಟ್ಟವನು ಅನುಭವಿಸುವ ಭೋಗ್ಯ, ಮೂಲಪತ್ರವನ್ನು ಬ್ಯಾಂಕಿನಲ್ಲಿಟ್ಟು ಸಾಲ ಪಡೆಯುವುದು. ಪತ್ರದಲ್ಲಿ 'ಅಸಲು', 'ಬಡ್ಡಿ', 'ವಾಯಿದೆ', 'ಸಾಲ ತೀರಿಸಿದಾಗ ಬಿಡಿಸಿಕೊಳ್ಳುವ ಹಕ್ಕು' ಅಂತ ಇದ್ದರೆ ಅದು ಸಾಲದ ಪತ್ರ. 'ಶುದ್ಧ ಕ್ರಯ', 'ನನಗಾಗಲಿ ನನ್ನ ವಾರಸುದಾರರಿಗಾಗಲಿ ಇನ್ನು ಯಾವ ಹಕ್ಕೂ ಇಲ್ಲ', 'ಖಾತೆ ಮಾಡಿಸಿಕೊಂಡು ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರುವುದು' ಅಂತ ಇದ್ದರೆ ನೀವು ಮನೆ ಮಾರಿದಿರಿ. ಬಾಯಿಮಾತಿನಲ್ಲಿ ಏನೇ ಹೇಳಿದ್ದರೂ ಸರಿಯೇ.

ಅಡಮಾನಕ್ಕೆ ಒಂದು ದೊಡ್ಡ ಬಲವಿದೆ. ಒಮ್ಮೆ ಅಡಮಾನವಾದದ್ದು ಎಂದೆಂದಿಗೂ ಅಡಮಾನವೇ. ವಾಯಿದೆ ದಾಟಿತು ಅನ್ನುವ ಒಂದೇ ಕಾರಣಕ್ಕೆ ಮನೆ ಅವರದಾಗುವುದಿಲ್ಲ. ಹಣ ಕಟ್ಟಿ ಬಿಡಿಸಿಕೊಳ್ಳಲು ದಾವೆ ಹೂಡುವ ಕಾಲಾವಕಾಶ 30 ವರ್ಷ. ಕ್ರಯಕ್ಕೆ ಈ ಬಲವಿಲ್ಲ.

ಕ್ರಯ ಮಾಡಿಸಿಕೊಂಡು, "ದುಡ್ಡು ಕೊಟ್ಟಾಗ ಮರುಕ್ರಯ ಮಾಡಿಕೊಡುತ್ತೇನೆ" ಅಂತ ಬೇರೆ ಕಾಗದ ಕೊಡುತ್ತಾರಲ್ಲ, ಅದು ಸಾಲದೇ?

ಸಾಲದು. ಷರತ್ತಿನ ಕ್ರಯವನ್ನು ಅಡಮಾನ ಅಂತ ಕೋರ್ಟು ಒಪ್ಪಬೇಕಾದರೆ ಆ ಷರತ್ತು ಅದೇ ಪತ್ರದೊಳಗೆ ಇರಬೇಕು. 1929ರ ತಿದ್ದುಪಡಿಯಿಂದ ಈ ನಿಯಮ ನಡೆದುಬಂದಿದೆ. ಬೇರೆ ಕಾಗದದಲ್ಲಿ ಬರೆದರೆ ಅದು ಬರಿಯ ಕರಾರು. ಅದರಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು. ಅವರು ಬರೆದುಕೊಡಲಿಲ್ಲವೆಂದರೆ ಮೂರು ವರ್ಷದೊಳಗೆ ದಾವೆ ಹೂಡಬೇಕು. 30 ವರ್ಷ ಎಲ್ಲಿ, ಮೂರು ವರ್ಷ ಎಲ್ಲಿ?

ಹಾಗಾದರೆ ನ್ಯಾಯವೇ ಇಲ್ಲವೇ ಅಂತ ಕೇಳಬಹುದು. ಇದೆ. ಸಾಲಕ್ಕಾಗಿ ಹೆಸರಿಗೆ ಮಾತ್ರ ಬರೆದ ಕ್ರಯಪತ್ರ ಅಂತ ಸಾಕ್ಷಿ ಹೇಳಿ ರುಜುವಾತು ಮಾಡಲು ಅವಕಾಶವಿದೆ ಎಂದು ಸುಪ್ರೀಂ ಕೋರ್ಟು 1981ರಲ್ಲಿ ಹೇಳಿತು. ಅದೂ ಒಂದು ಮನೆಯ ಮೊಕದ್ದಮೆಯೇ. ಎರಡು ಸಾವಿರ ರೂಪಾಯಿಯ ಸಾಲ, ಒಬ್ಬ ಹೆಂಗಸಿನ ಮನೆ. ಆಕೆ ಗೆದ್ದಳು. ಆದರೆ ಪತ್ರ ಬರೆದದ್ದು 1953ರಲ್ಲಿ. ನ್ಯಾಯ ಬಂದದ್ದು ಇಪ್ಪತ್ತೆಂಟು ವರ್ಷಕ್ಕೆ. ನಮ್ಮಲ್ಲಿ ಎಷ್ಟು ಜನಕ್ಕೆ ಅಷ್ಟು ವರ್ಷ ಕಾಯುವ ತಾಕತ್ತಿದೆ?

ಮನೆ ಕೊಳ್ಳುವಾಗ ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡರೆ ಆಗದೇ?

ಆಗದು. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಯಾವ ಸ್ಥಿರಾಸ್ತಿಯ ಕ್ರಯವೂ ನೋಂದಣಿಯಾಗಲೇಬೇಕು. ನೋಟರಿಯ ಮುದ್ರೆ ಬಿದ್ದ ಮಾತ್ರಕ್ಕೆ ನೋಂದಣಿಯಾಗಲಿಲ್ಲ. ಕ್ರಯದ ಕರಾರು, ಜನರಲ್ ಪವರ್ ಆಫ್ ಅಟಾರ್ನಿ, ಮರಣಶಾಸನ, ಈ ಮೂರನ್ನು ಸೇರಿಸಿ ಮನೆ ಮಾರುವ ರೂಢಿ ಇತ್ತು. ಇದರಿಂದ ಹಕ್ಕು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಖಡಾಖಂಡಿತ ಹೇಳಿದೆ. ಪತ್ರಕ್ಕೆ ಸಹಿಯಾದ ಮೇಲೆ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. "ಆಮೇಲೆ ಮಾಡಿಸೋಣ ಬಿಡು" ಅನ್ನುವವರ ಮಾತು ಕೇಳಬೇಡಿ.

ಖಾತೆ ನನ್ನ ಹೆಸರಿನಲ್ಲಿದೆ, ಕಂದಾಯ ನಾನೇ ಕಟ್ಟುತ್ತೇನೆ. ಮನೆ ನನ್ನದಲ್ಲವೇ?

ಖಾತೆ ಅಂದರೆ ಕಂದಾಯ ಯಾರಿಂದ ವಸೂಲು ಮಾಡಬೇಕು ಅನ್ನುವ ಲೆಕ್ಕ. ಪಹಣಿಯಲ್ಲಿರುವ ಹೆಸರನ್ನು ತಪ್ಪೆಂದು ತೋರಿಸುವವರೆಗೆ ಸರಿ ಅಂತ ಕಾಯಿದೆ ನಂಬುತ್ತದೆ, ನಿಜ. ಆದರೆ ಹಕ್ಕು ಹುಟ್ಟುವುದು ಕ್ರಯ, ವಿಭಾಗ, ದಾನ, ಮರಣಶಾಸನ, ವಾರಸು, ಸರ್ಕಾರದ ಮಂಜೂರಾತಿ, ಇಂಥವುಗಳಿಂದ. ಖಾತೆಯಿಂದ ಅಲ್ಲ. ಹಾಗಂತ ಖಾತೆ ಬೇಡ ಅಂತಲ್ಲ. ಗ್ರಾಮ ಪಂಚಾಯಿತಿಯ ಮನೆಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಅದರಲ್ಲಿರುವ ಅಳತೆಯನ್ನೂ ಚಕ್ಕುಬಂದಿಯನ್ನೂ ನೆಲದ ಮೇಲೆ ಟೇಪು ಹಿಡಿದು ತಾಳೆ ನೋಡಿ. ಕಾಗದದಲ್ಲಿ ನಲವತ್ತು ಅಡಿ, ನೆಲದಲ್ಲಿ ಮೂವತ್ತನಾಲ್ಕು ಅಡಿ ಇದ್ದರೆ ಆ ಆರು ಅಡಿಯ ಜಗಳವನ್ನೂ ನೀವೇ ಕೊಂಡ ಹಾಗೆ.

ಕೊಳ್ಳುವ ಮುಂಚೆ ಯಾವ ಯಾವ ಕಾಗದ ನೋಡಬೇಕು?

ಮೊದಲು ಋಣಭಾರ ಪತ್ರ, ಅಂದರೆ ಇ.ಸಿ. ಕೊನೇಪಕ್ಷ ಮೂವತ್ತು ವರ್ಷದ್ದು ತೆಗೆಸಿ. 2004ರಿಂದ ಈಚಿನದು ಕಾವೇರಿ ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯಲ್ಲೇ ಅರ್ಜಿ ಹಾಕಿ ಪುಸ್ತಕ ಹುಡುಕಿಸಬೇಕು. ದಳ್ಳಾಳಿಗಳು ಕಂಪ್ಯೂಟರಿನ ಹಾಳೆ ತೋರಿಸಿ "ಎಲ್ಲಾ ಕ್ಲಿಯರ್" ಅಂತಾರೆ. ನಮ್ಮ ಮನೆಯ 1986ರ ಕ್ರಯ ಆ ಹಾಳೆಯಲ್ಲಿ ಕಾಣುವುದಿಲ್ಲ, ಇದು ನೆನಪಿರಲಿ.

ಎರಡನೆಯದು, ಮೂಲಪತ್ರ. ನಕಲು ಸಾಲದು, ಮೂಲವನ್ನೇ ಕಣ್ಣಾರೆ ನೋಡಿ. ಪತ್ರವನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ಇ.ಸಿ.ಯಲ್ಲಿ ಕಾಣದೆಯೂ ಇರಬಹುದು. "ಪತ್ರ ಕಳೆದುಹೋಗಿದೆ" ಅಂದರೆ ಎಲ್ಲಿ ಅಡವಾಗಿದೆಯೋ ಅಂತ ಅನುಮಾನ ಪಡಿ.

ನಮ್ಮ ಸೀಮೆಗೆ ಇನ್ನೊಂದು ವಿಶೇಷವಿದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆಯಾಯಿತು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಈಚೆಗೆ ಹನೂರೇ ತಾಲ್ಲೂಕಾಗಿದೆ. ಒಂದೇ ಮನೆಯ ಹಳೆಯ ಪತ್ರದಲ್ಲಿ ಒಂದು ಜಿಲ್ಲೆ, ಹೊಸ ಪತ್ರದಲ್ಲಿ ಇನ್ನೊಂದು ಜಿಲ್ಲೆ, ಇನ್ನೊಂದು ತಾಲ್ಲೂಕು ಇರುತ್ತದೆ. ಅದಕ್ಕೆ ಗಾಬರಿಯಾಗಬೇಡಿ. ಆದರೆ ಅಜ್ಜನ ಕಾಲದ ಪತ್ರ ತಮಿಳಿನಲ್ಲಿದೆ, ಓದಲು ಬಾರದು ಅಂತ ಎಸೆಯಬೇಡಿ. ಓದಬಲ್ಲವರಿಂದ ಓದಿಸಿ, ಕನ್ನಡದಲ್ಲಿ ಬರೆಸಿಟ್ಟುಕೊಳ್ಳಿ. ಸರಪಣಿಯ ಮೊದಲ ಕೊಂಡಿ ಅದು.

ಮೂರನೆಯದು, ಆಸ್ತಿ ಮಂಜೂರಾತಿಯದೇ ಅಂತ ವಿಚಾರಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವ ಹಾಗಿಲ್ಲ. ಇದು 1978ರ ಕಾಯಿದೆ. ತಡವಾಯಿತು ಅನ್ನುವ ಕಾರಣಕ್ಕೆ ಅವರ ಅರ್ಜಿ ಬಿದ್ದುಹೋಗಬಾರದೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಅಂಥ ಜಮೀನನ್ನು ಅಗ್ಗಕ್ಕೆ ಸಿಗುತ್ತದೆಂದು ಕೊಂಡರೆ ದುಡ್ಡೂ ಹೋಗುತ್ತದೆ, ಭೂಮಿಯೂ ಹೋಗುತ್ತದೆ. ಬಡವನ ನೆಲಕ್ಕೆ ಹಾಕಿದ ಬೇಲಿ ಅದು. ನಾವು ಅದನ್ನು ಹಾರಬಾರದು.

ಹೆಣ್ಣುಮಕ್ಕಳ ಸಹಿ ಯಾಕೆ ಬೇಕು? ಅವರು ಮದುವೆಯಾಗಿ ಹೋಗಿಲ್ಲವೇ?

ಈ ಪ್ರಶ್ನೆ ಕೇಳಿದ ಅಣ್ಣನಿಗೆ ಇಲ್ಲಿ ಕೂತಿರುವ ಅಕ್ಕಂದಿರೇ ಉತ್ತರ ಹೇಳಬೇಕು! ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ, ಮದುವೆಯಾದವರಿಗೂ ಸೇರಿಸಿ ಬಂತು. ಆ ದಿನ ತಂದೆ ಬದುಕಿರಲೇಬೇಕೆಂದೇನೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಾಗಾಗಿ ವಂಶವೃಕ್ಷ ತರಿಸಿ, ಅದರಲ್ಲಿರುವ ಎಲ್ಲ ಹಕ್ಕುದಾರರ ಸಹಿಯೂ ಕ್ರಯಪತ್ರದಲ್ಲಿದೆಯೇ ನೋಡಿ. ಅಕ್ಕತಂಗಿಯರಿಗೆ ಸೀರೆ ಕುಪ್ಪಸ ಕೊಟ್ಟು ಸಹಿ ಹಾಕಿಸುವುದಲ್ಲ. ಅವರ ಪಾಲು ಅವರಿಗೆ ಕೊಟ್ಟು ಸಹಿ ಹಾಕಿಸುವುದು.

ಖರ್ಚು ಎಷ್ಟಾಗುತ್ತದೆ? ಬೆಲೆ ಕಡಿಮೆ ಬರೆಸಿದರೆ ಉಳಿಯುತ್ತದಲ್ಲ?

ಮುದ್ರಾಂಕ ಶುಲ್ಕ ನೂರಕ್ಕೆ ಐದು, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ನೂರಕ್ಕೆ ಒಂದಿದ್ದದ್ದು 2025ರ ಆಗಸ್ಟ್ 31ರಿಂದ ಎರಡಾಗಿದೆ. ಹತ್ತು ಲಕ್ಷದ ಮನೆಗೆ ಐವತ್ತು ಸಾವಿರ ಮತ್ತು ಇಪ್ಪತ್ತು ಸಾವಿರ, ಮೇಲೆ ಸೆಸ್ಸು ಇತ್ಯಾದಿ. ಭಾರವೇ ಸರಿ. ಆದರೆ ಹತ್ತು ಲಕ್ಷ ಕೊಟ್ಟು ಪತ್ರದಲ್ಲಿ ಐದು ಲಕ್ಷ ಬರೆಸಿದಿರಿ ಅನ್ನಿ. ನಾಳೆ ಹಕ್ಕಿನಲ್ಲಿ ತಕರಾರು ಬಂದು ಹಣ ವಾಪಸ್ಸು ಕೇಳಬೇಕಾದರೆ ನಿಮ್ಮ ಕೈಲಿರುವ ಸಾಕ್ಷಿ ಐದಕ್ಕೆ ಮಾತ್ರ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಚೆಕ್ಕಿನ ನಂಬರು ಪತ್ರದಲ್ಲಿ ಬರಲಿ.

ಮನೆಯ ಮೇಲೆ ಬ್ಯಾಂಕಿನಲ್ಲಿ ಸಾಲವಿದೆ. ಇನ್ನೊಂದು ಬ್ಯಾಂಕಿನವರು ಕಡಿಮೆ ಬಡ್ಡಿಗೆ ಕೊಡುತ್ತೇವೆ, ಕಂತೂ ಕಡಿಮೆ ಅಂತಾರೆ. ಬದಲಾಯಿಸಬಹುದೇ?

ಬದಲಾಯಿಸಬಹುದು. ಆದರೆ ಕಂತನ್ನು ನೋಡಬೇಡಿ, ಒಟ್ಟು ಮೊತ್ತವನ್ನು ನೋಡಿ. ಲೆಕ್ಕ ಹೇಳುತ್ತೇನೆ. ಐದು ಲಕ್ಷ ಬಾಕಿ, ನೂರಕ್ಕೆ ಒಂಬತ್ತು ಬಡ್ಡಿ, ಐದು ವರ್ಷ ಉಳಿದಿದೆ. ತಿಂಗಳಿಗೆ ಸುಮಾರು 10,380 ರೂಪಾಯಿ, ಒಟ್ಟು ಕಟ್ಟುವುದು ಸುಮಾರು 6 ಲಕ್ಷ 23 ಸಾವಿರ. ಹೊಸ ಬ್ಯಾಂಕಿನವರು ಎಂಟಕ್ಕೆ ಕೊಡುತ್ತಾರೆ, ಹದಿನೈದು ವರ್ಷಕ್ಕೆ. ತಿಂಗಳಿಗೆ ಸುಮಾರು 4,780 ರೂಪಾಯಿ. ಅಬ್ಬಾ, ಅರ್ಧಕ್ಕಿಂತ ಕಡಿಮೆ! ಆದರೆ ಒಟ್ಟು ಕಟ್ಟುವುದು ಸುಮಾರು 8 ಲಕ್ಷ 60 ಸಾವಿರ. ಬಡ್ಡಿಯ ದರ ಇಳಿಯಿತು, ಬಡ್ಡಿಯ ಹಣ ಹತ್ತಿರಹತ್ತಿರ ಮೂರು ಪಟ್ಟಾಯಿತು. ಜೊತೆಗೆ ಹೊಸ ಸಾಲದ ಶುಲ್ಕ, ಹೊಸ ಪತ್ರದ ಖರ್ಚು. ಅವಧಿ ಹಿಗ್ಗದೆ ಬಡ್ಡಿ ಇಳಿದರೆ ಮಾತ್ರ ಲಾಭ. ಏರಿಳಿಯುವ ಬಡ್ಡಿಯ ಮನೆಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ, ಇದೂ ಗೊತ್ತಿರಲಿ.

ಮನೆಯ ಮೇಲಿನ ಸಾಲಕ್ಕೂ ಜಮೀನಿನ ಮೇಲಿನ ಸಾಲಕ್ಕೂ ಇನ್ನೊಂದು ವ್ಯತ್ಯಾಸವಿದೆ. 2002ರ ಸರ್ಫೇಸಿ ಕಾಯಿದೆಯ ಪ್ರಕಾರ ಬ್ಯಾಂಕು ದಾವೆ ಹೂಡದೆಯೇ ಅಡಮಾನದ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ವ್ಯವಸಾಯದ ಜಮೀನಿಗೆ ಅದು ಅನ್ವಯಿಸುವುದಿಲ್ಲ. ಮನೆಗೆ ಅನ್ವಯಿಸುತ್ತದೆ. ಅದಕ್ಕೇ ಬೇಸಾಯದ ಖರ್ಚಿಗೆ ಮನೆ ಅಡವಿಟ್ಟು ಸಾಲ ತರುವ ಮುಂಚೆ ಎರಡು ಸಲ ಯೋಚಿಸಿ. ನೋಟೀಸು ಬಂದರೆ ಜಂತೆಗೆ ಸಿಕ್ಕಿಸಿ ಸುಮ್ಮನಿರಬೇಡಿ. ಅದರಲ್ಲಿ 60 ದಿನದ ವಾಯಿದೆ ಇರುತ್ತದೆ. ಅಷ್ಟರೊಳಗೆ ನಿಮ್ಮ ಆಕ್ಷೇಪಣೆ ಬರೆದುಕೊಡಿ. ಬ್ಯಾಂಕು 15 ದಿನದಲ್ಲಿ ಉತ್ತರ ಕೊಡಲೇಬೇಕು. ವಶಕ್ಕೆ ತೆಗೆದುಕೊಳ್ಳುವ ಕ್ರಮ ಕೈಗೊಂಡರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು.

ಸಾಲ ತೀರಿತು. ಇನ್ನೇನು ಮಾಡಬೇಕು?

ನಮ್ಮಪ್ಪ ಮಾಡದೇ ಬಿಟ್ಟದ್ದು ಇದನ್ನೇ. ಖಾಸಗಿಯವರ ಅಡಮಾನವಾದರೆ, ಸಾಲ ತೀರಿತು, ಇನ್ನು ಹಕ್ಕಿಲ್ಲ ಅಂತ ಅವರಿಂದ ಬರೆಸಿ ನೋಂದಣಿ ಮಾಡಿಸಬೇಕು. ಹಾಗೆ ಕೇಳುವುದು ನಿಮ್ಮ ಹಕ್ಕು, ಖರ್ಚು ನಿಮ್ಮದು. ಕ್ರಯವೇ ಆಗಿಹೋಗಿದ್ದರೆ ಮರುಕ್ರಯಪತ್ರವೇ ನೋಂದಣಿಯಾಗಬೇಕು. ಆಮೇಲೆ ಹೊಸ ಇ.ಸಿ. ತೆಗೆಸಿ, ಹಳೆಯ ಸಾಲದ ಕೆಳಗೆ ಬಿಡುಗಡೆಯ ಸಾಲು ಬಿದ್ದಿದೆಯೇ ನೋಡಿ. ಬ್ಯಾಂಕಿನದಾದರೆ, ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರ ಹಿಂದಿರುಗಿಸಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ರಿಸರ್ವ್ ಬ್ಯಾಂಕಿನ ಈ ಆದೇಶ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಜಮೀನಿನ ಸಾಲವಾದರೆ ಪಹಣಿಯ 11ನೇ ಕಾಲಂ ನೋಡಿ. ಸಹಕಾರ ಸಂಘದ್ದೋ ಪಿ.ಎಲ್.ಡಿ. ಬ್ಯಾಂಕಿನದೋ ತೀರಿದ ಸಾಲ ಅಲ್ಲಿ ಇನ್ನೂ ಕೂತಿದ್ದರೆ, ತೀರುವಳಿ ಪತ್ರ ಕೊಟ್ಟು ತೆಗೆಸಿ.

ಬಂಧುಗಳೇ, ಬೆಲೆ ನಮ್ಮ ಕೈಲಿಲ್ಲ. ಮಳೆ ನಮ್ಮ ಕೈಲಿಲ್ಲ. ಸಾಲ ಮಾಡಬೇಡಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ನಾನೂ ಮಾಡಿದ್ದೇನೆ. ಆದರೆ ಸಾಲವನ್ನು ಸಾಲ ಅಂತಲೇ ಬರೆಸುವುದು ನಮ್ಮ ಕೈಲಿದೆ. ಇವತ್ತು ರಾತ್ರಿ ಮನೆಗೆ ಹೋಗಿ ಟ್ರಂಕು ತೆಗೆಯಿರಿ. ಎಲ್ಲರೂ ಮಲಗಿದ ಮೇಲಲ್ಲ, ಎಲ್ಲರೂ ಎದ್ದಿರುವಾಗಲೇ. ಹೆಂಡತಿಯನ್ನು ಕೂರಿಸಿಕೊಳ್ಳಿ. ಶಾಲೆಗೆ ಹೋಗುವ ಮಗಳ ಕೈಗೆ ಪತ್ರ ಕೊಟ್ಟು ಜೋರಾಗಿ ಓದಿಸಿ. ಎಲ್ಲಿಯಾದರೂ 'ಕ್ರಯ' ಅನ್ನುವ ಮಾತು ಬಂದು, ನೀವು ಮಾರಿದ ನೆನಪಿಲ್ಲದಿದ್ದರೆ, ನಾಳೆಯೇ ವಕೀಲರ ಹತ್ತಿರ ಹೋಗಿ. ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಆದಾಯ ಕಡಿಮೆಯಿರುವವರಿಗೆ ವಕೀಲರ ಫೀಸೂ ಇಲ್ಲ. ಸಾಲ ಕೊಟ್ಟವರು ಬದುಕಿರುವಾಗಲೇ, ಅವರ ಮನಸ್ಸು ನೆಟ್ಟಗಿರುವಾಗಲೇ ಈ ಕೆಲಸ ಆಗಬೇಕು.

ನಮ್ಮಪ್ಪ ಕೊನೆಯವರೆಗೂ ಒಂದು ಮಾತು ಹೇಳುತ್ತಿದ್ದರು: "ಅವತ್ತು ನಾನು ಕೇಳಿದೆ ಕಣೋ, ಇದು ಕ್ರಯ ಅಲ್ಲವಾ ಅಂತ. ಕೇಳಿ ಸುಮ್ಮನಾದೆ, ಅದೇ ತಪ್ಪು." ನೀವು ಕೇಳಿ. ಕೇಳಿ ಸುಮ್ಮನಾಗಬೇಡಿ.